ಸೊಟ್ಟಗಾಲಿನ ಕೊಕ್ಕರೆ

ಕೊರಿಯಾದ ಒಂದು ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಹಸಿರು ಹೂಜಿಯನ್ನು ಕಂಡದ್ದೇ ತಡ, ಮುದಿ ಕುಂಬಾರನ ಮೈಯೆಲ್ಲ ಉರಿದುಹೋಯಿತು. ಹಸಿ ಮಣ್ಣಿನಲ್ಲಿ ಗೆರೆ ಕೊರೆದು, ಬಿಳಿ ಮಣ್ಣು ತುಂಬಿ ಮೂಡಿಸಿದ ಕೊಕ್ಕರೆಗಳು. ಅವುಗಳಲ್ಲೊಂದರ ಕಾಲು ಸೊಟ್ಟ. ಆ ಸೊಟ್ಟಗಾಲಿಗಾಗಿಯೇ ತಾನು ಹೋದ ವರ್ಷ ತಿಪ್ಪೆಗೆ ಎಸೆದ ಹೂಜಿಯೇ ಇದು, ಅನುಮಾನವೇ ಇಲ್ಲ!

“ಎಂಟುನೂರು ವರ್ಷ ಹಳೇದಂತೆ! ಯಾರ ಕಿವಿಗೆ ಹೂವಿಡ್ತೀರಮ್ಮ?” ಎಂದು ಪಕ್ಕದ ಫಲಕ ತೋರಿಸಿ ಮ್ಯೂಸಿಯಂನ ಅಧಿಕಾರಿಯ ಮೇಲೆ ಹರಿಹಾಯ್ದ. “ಇದು ನಾನು ಮಾಡಿ ಬಿಸಾಕಿದ್ದು. ಯಾವನೋ ಕದ್ದು ನಿಮ್ಮ ತಲೆಗೆ ಕಟ್ಟಿದಾನೆ.”

ಆಕೆ ಪೆಟ್ಟಿಗೆ ತೆಗೆದು ಹೂಜಿಯನ್ನು ಅವನ ಕೈಗೇ ಕೊಟ್ಟಳು. “ಸರಿಯಾಗಿ ನೋಡಿ ಯಜಮಾನ್ರೇ. ಇಂಥದ್ದನ್ನ ಈಗಿನವರು ಯಾರೂ ಮಾಡೋಕಾಗಲ್ಲ.”

ಆ ಮಾತಿಗೆ ಅವನ ಪಿತ್ತ ನೆತ್ತಿಗೇರಿತು. ಎಡಗೈಯನ್ನು ಅವಳ ಮುಖದ ಮುಂದೆ ಹಿಡಿದ. ಅದರಲ್ಲಿ ಹುಟ್ಟಿನಿಂದಲೇ ನಾಲ್ಕೇ ಬೆರಳು.

“ಹೂಜಿನ ಎರಡು ಭಾಗ ಮಾಡಿ ಕೂಡಿಸ್ತೀವಿ. ಕೂಡಿಸೋಕೆ ಮುಂಚೆ ಕೆಳಗಿನ ಭಾಗದ ಒಳಗೆ ಈ ಕೈ ಒತ್ತಿ ಅಚ್ಚು ಬಿಡ್ತೀನಿ. ಅದೇ ನನ್ನ ರುಜು. ಹೊರಗಿಂದ ಯಾರಿಗೂ ಕಾಣಲ್ಲ.”

“ಕಾಣದೇ ಇರೋದನ್ನ ನಾನು ಹೇಗೆ ನಂಬ್ಲಿ?”

“ಹೀಗೆ!” ಎಂದವನೇ ಹೂಜಿಯನ್ನು ನೆಲಕ್ಕೆ ಅಪ್ಪಳಿಸಿದ.

ಆಕೆ ಕಿಟಾರನೆ ಕಿರುಚಿಕೊಂಡಳು. ಅವನು ಮಂಡಿಯೂರಿ, ದೊಡ್ಡದೊಂದು ಚೂರನ್ನು ಎತ್ತಿ ಅವಳ ಕಣ್ಣೆದುರು ಹಿಡಿದ. ಒಳಮೈಯಲ್ಲಿ ಕೈಯ ಅಚ್ಚು ಎದ್ದು ಕಾಣುತ್ತಿತ್ತು.

“ನೋಡಮ್ಮ! ಎಷ್ಟು ಬೆರಳಿದೆ, ನೀನೇ ಎಣಿಸು!”

ಆಕೆ ಒಂದೊಂದಾಗಿ ಎಣಿಸಿದಳು. “ಐದು.”