ಭುಜದಿಂದ ಮೇಲೆ

ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಇನ್ನೂ ಮೇಲೆ ಎಂದಳು ಅಮೃತಾ. ಅನುಸೂಯಾ ಹಲ್ಲು ಕಚ್ಚಿ, ಮುಖ ಕಿವುಚಿ, ಕೈಯನ್ನು ತೊಡೆಯ ಮೇಲೆ ಬೀಳಲು ಬಿಟ್ಟಳು. ಕಂಕುಳಿನ ಸುಟ್ಟ ಚರ್ಮ ಈಗ ಅಷ್ಟೇನೂ ಎಳೆಯುತ್ತಿರಲಿಲ್ಲ. ಬಚ್ಚಲಿನಲ್ಲಿ ಒಬ್ಬಳೇ ಇದ್ದಾಗ ಆ ಕೈ ತಲೆಯನ್ನೂ ದಾಟಿ ಹೋಗುತ್ತಿತ್ತು. ಅದು ಅವಳಿಗೆ ಮಾತ್ರ ಗೊತ್ತಿತ್ತು.

ಅಮೃತಾ ಕೊಪ್ಪಳದ ಆ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ಸುಟ್ಟವರ ವಾರ್ಡಿನಲ್ಲಿ ವಾರಕ್ಕೊಮ್ಮೆ ಅವಳ ಪರೀಕ್ಷೆ. ತಲೆ ಬಾಚಿಕೋ, ಲೋಟ ಎತ್ತಿ ಕುಡಿ, ಕುಬಸದ ಗುಂಡಿ ಹಾಕು, ಒಂದೊಂದಕ್ಕೂ ಅಂಕ. ಜೋಳದ ರೊಟ್ಟಿ ಬಡಿಯುವುದನ್ನು ಅವಳು ತಾನೇ ಸೇರಿಸಿಕೊಂಡಿದ್ದಳು. ರೊಟ್ಟಿ ಬಡಿದ ಹೆಂಗಸು ಮನೆಗೆ ಹೋಗಬಹುದು ಎಂದು ಅವಳ ಲೆಕ್ಕ. ಮನೆ ಎಂದರೆ ಕಾರಟಗಿ, ರಾಮಾಂಜನೇಯನ ಮನೆ.

ಗಂಡ ರಾಮಾಂಜನೇಯ ಮಂಚದ ಕಾಲ್ದೆಸೆಯಲ್ಲಿ ಕೈಕಟ್ಟಿ ನಿಂತಿದ್ದ. ಅಕ್ಕಿ ಗಿರಣಿಯ ತೌಡು ಕಿವಿಯ ಹಿಂದೆ ಇನ್ನೂ ಅಂಟಿತ್ತು. ಅವನು ಒಂದು ವಾರವೂ ತಪ್ಪಿಸುವವನಲ್ಲ. ಮೋಸಂಬಿ ತರುತ್ತಾನೆ, ತಾನೇ ಸುಲಿಯುತ್ತಾನೆ, ಪಕ್ಕದ ಮಂಚದ ತಾಜಬೀಗೂ ಕೊಡುತ್ತಾನೆ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ತಾಜಬೀ ಹೇಳಿದಾಗಲೆಲ್ಲ ಅನುಸೂಯಾ ತಲೆಯಾಡಿಸುತ್ತಾಳೆ. ಪೊಲೀಸರು ಬಂದಾಗಲೂ ಹೀಗೆಯೇ ತಲೆಯಾಡಿಸಿದ್ದಳು. ಹೌದು, ಪಂಪ್ ಸ್ಟೋ ಸಿಡಿಯಿತು. ಅವತ್ತೂ ಅವನು ಇಲ್ಲಿಯೇ ನಿಂತಿದ್ದ.

"ಹಂಗಾರ ಈ ವಾರನೂ ಇಲ್ಲೇ ಏನ್ರಿ ಮೇಡಂ?" ಎಂದ ರಾಮಾಂಜನೇಯ. ಕೈ ಪೂರ್ತಿ ಬರುವ ತನಕ ಇರಲಿ, ಅವಸರವಿಲ್ಲ ಎಂದಳು ಅಮೃತಾ.

"ಇರ್ಲಿ ಬಿಡ್ರಿ. ಮನಿ ಕೆಲಸಕ್ಕ ಹುಲಿಗವ್ವ ಅದಾಳಲ್ಲ." ಅವನು ಹೆಂಡತಿಯ ಕಡೆ ತಿರುಗಿ ನಕ್ಕ. "ನಿನ್ನ ಮಗಳು ಭಾಳ ಶ್ಯಾಣ್ಯಾಕಿ ಆಗ್ಯಾಳ. ಸಾಲಿ ಬಿಡಿಸೀನಿ. ಈಗ ಸ್ಟೋ ಆಕೀನ ಹಚ್ಚತಾಳ."

ಹುಲಿಗವ್ವನಿಗೆ ಎಂಟು ವರ್ಷ.

ಅನುಸೂಯಾ ತೊಡೆಯ ಮೇಲೆ ಬಿದ್ದಿದ್ದ ತನ್ನ ಕೈಯನ್ನು, ಅದು ಬೇರೆ ಯಾರದೋ ಎಂಬಂತೆ, ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಇನ್ನೊಮ್ಮೆ ನೋಡಿ ಮೇಡಂ ಎಂದಳು. ಕೈ ಭುಜ ದಾಟಿತು, ಕಿವಿ ದಾಟಿತು, ತಲೆಯ ಮೇಲೆ ನೆಟ್ಟಗೆ ನಿಂತಿತು. ಬಾಚಣಿಗೆ, ಲೋಟ, ಗುಂಡಿ, ಎಲ್ಲ ಮುಗಿದವು. ಪರಾತದಲ್ಲಿ ಹಿಟ್ಟು ತಂದಿಟ್ಟಾಗ ರೊಟ್ಟಿ ಅಂಚು ಸೀಳದೆ ಅಗಲವಾಯಿತು. ತಾಜಬೀ ಚಪ್ಪಾಳೆ ತಟ್ಟಿದಳು. ನಾಳೆಯೇ ಮನೆಗೆ ಹೋಗಬಹುದು ಎಂದು ಅಮೃತಾ ಬೆರಗಿನಲ್ಲಿ ಹೇಳುತ್ತಿದ್ದಳು. ರಾಮಾಂಜನೇಯ ಹೆಂಡತಿಯ ಮುಖ ಬಿಟ್ಟು ಅವಳ ಕೈಗಳನ್ನಷ್ಟೇ ನೋಡುತ್ತಿದ್ದ.

"ಮೇಡಂ, ಒಂದು ಉಳದೈತ್ರಿ," ಎಂದಳು ಅನುಸೂಯಾ.

ಎದ್ದು ವಾರ್ಡಿನ ಬಾಗಿಲಿಗೆ ಹೋದಳು. ಮೇಲಿನ ಚಿಲಕ ತುಕ್ಕು ಹಿಡಿದು ಬಿಗಿಯಾಗಿತ್ತು. ತುದಿಗಾಲಲ್ಲಿ ನಿಂತು ಹಾಕಿದಳು, ತೆಗೆದಳು. ಮತ್ತೆ ಹಾಕಿದಳು, ಮತ್ತೆ ತೆಗೆದಳು. ಪ್ರತಿ ಸಲ ಇನ್ನೂ ಬೇಗ, ಹಿಂದೆ ಯಾರೋ ಬರುತ್ತಿದ್ದಾರೆ ಎಂಬಂತೆ. ಬೆರಳಿನ ಹೊಸ ಚರ್ಮ ಒಡೆದು ರಕ್ತ ಜಿನುಗಿತು. ಸಾಕು ಎಂದು ಅಮೃತಾ ಹೇಳುವುದರೊಳಗೆ ರಾಮಾಂಜನೇಯ ಬಂದು ಆ ಬೆರಳುಗಳನ್ನು ಮೆತ್ತಗೆ ಹಿಡಿದುಕೊಂಡ.

"ಸುಮ್ನ ಯಾಕ ನೋಯಿಸ್ಕೊಂತಿ," ಎಂದ. "ನಮ್ಮ ಅಡಗಿಮನಿ ಚಿಲಕ ಹೊರಗ ಐತಲ್ಲ."