ಸುಲಭದ ಬಾಗಿಲು

ಸಾರ್ವಜನಿಕ ಶೌಚಾಲಯಗಳ ಬಾಗಿಲಿಗೆ ಚಿಲಕದ ಬದಲು ಸುಡೊಕು ಬಂದು ವರ್ಷಗಳೇ ಆಗಿದ್ದವು. ಬಿಡಿಸಿದರೆ ತೆರೆಯುತ್ತದೆ, ತಪ್ಪಿದರೆ ಮೊದಲಿನಿಂದ ಶುರು. ಯಾವ ಬಾಗಿಲು ‘ಸುಲಭ’, ಯಾವುದು ‘ಕಠಿಣ’ ಎಂದು ಹಣೆಪಟ್ಟಿ ಕಟ್ಟುವ ಸರ್ಕಾರಿ ಕೆಲಸ ಗುರುಶಾಂತಪ್ಪನದು. ಫ್ಯಾನಿನ ಕೆಳಗೆ ಕಾಲು ಚಾಚಿ, ಚಹಾ ಹೀರುತ್ತ, ಪ್ರತಿಯೊಂದನ್ನೂ ತಾನೇ ಬಿಡಿಸಿ ನೋಡುತ್ತಿದ್ದ ಪ್ರಾಮಾಣಿಕ.

ಇಂದು ಬಸ್‌ಸ್ಟ್ಯಾಂಡಿನಲ್ಲಿ ಎರಡು ಲೋಟ ಕಬ್ಬಿನಹಾಲು ಕುಡಿದು, ತಾನೇ ‘ಸುಲಭ’ ಎಂದಿದ್ದ ಬಾಗಿಲ ಮುಂದೆ ತೊಡೆ ಬಿಗಿಹಿಡಿದು ನಿಂತಿದ್ದ. ಏಳನ್ನು ಎಲ್ಲಿಟ್ಟರೂ ಇನ್ನೊಂದು ಏಳು ಅದನ್ನು ದುರುಗುಟ್ಟಿ ನೋಡುತ್ತಿತ್ತು.

“ಲಗೂ ಮುಗಸ್ರೀ ಯಜಮಾನ್ರ, ನಮಗೂ ಅರ್ಜಂಟ್ ಐತಿ,” ಎಂದ ಹಿಂದೆ ನಿಂತವನು. “ಯಾವ ಪುಣ್ಯಾತ್ಮರೀ ಇದಕ್ಕ ಸುಲಭ ಅಂದಾಂವ?”

“ಅವನ ಮನಿ ಹಾಳಾಗ!” ಎಂದ ಗುರುಶಾಂತಪ್ಪ, ಮನಸಾರೆ.

ಇನ್ನು ತಡೆಯಲಾಗದೆ ಹಿಂದಿನ ಕಾಂಪೌಂಡ್ ಗೋಡೆಯತ್ತ ಓಡಿದ. ಅಲ್ಲಿ ಆಗಲೇ ಉದ್ದಕ್ಕೂ ಗಂಡಸರು ಗೋಡೆಗೆ ಮುಖಮಾಡಿ ನಿಂತಿದ್ದರು. ಹಿರಿಯನೊಬ್ಬ ಸರಿದು ಜಾಗ ಕೊಟ್ಟ.

“ಬರ್ರಿ, ಬರ್ರಿ. ಸುಲಭದ ಬಾಗಲದಿಂದ ಬಂದ್ರೇನು?”

“ಹೂಂನ್ರೀ.”

“ಇಲ್ಲಿರೋರೆಲ್ಲಾ ಅದನ್ನ ನಂಬಿದವ್ರ. ಕಠಿಣ ಅಂತ ಓದಿದವ್ರು ಸೀದಾ ಈ ಗ್ವಾಡಿಗೇ ಬಂದು, ಆಗಲೇ ಮುಗಿಸ್ಕೊಂಡು ಬಸ್ ಹತ್ಯಾರ.”