ಪುಸ್ತಕದಲ್ಲಿಲ್ಲದ ದೀಪ

ಆ ದ್ವೀಪದ ದೀಪಸ್ತಂಭದ ಬೆಳಕು ಬಲು ನಿಧಾನ. ಬಂದರಿನ ಬಾಯಲ್ಲಿರುವ ಬಂಡೆಸಾಲನ್ನು ಮುಟ್ಟಲು ಅದಕ್ಕೆ ಐವತ್ತು ವರ್ಷ ಬೇಕು. ಇನ್ನೂ ಆಚೆಯ ಕಡಲಲ್ಲಿ ಭಾಗೀರಥಕ್ಕನ ಅಜ್ಜ ಹಚ್ಚಿದ ತೆಂಗಿನ ಮಡಲಿನ ಬೆಂಕಿಯೇ ಈಗಲೂ ಕಾಣುತ್ತಿತ್ತು. ಆ ಕಡಲನ್ನು ದಾಟಿ ಬಂದ ದೋಣಿ ಮುಸ್ಸಂಜೆಗೆ ಬಂಡೆಗಳೆದುರು ನಿಂತಿತು. ಒಳಗೆ ಭಾಗೀರಥಕ್ಕನ ಜೊತೆಗಿದ್ದ ಅವಳ ಸೊಸೆಗೆ ಹೆರಿಗೆ ನೋವು ಶುರುವಾಗಿತ್ತು. ಸೂಲಗಿತ್ತಿ ಇದ್ದದ್ದು ದ್ವೀಪದಲ್ಲಿ.

"ಬೆಳಗಿನವರೆಗೆ ಇಲ್ಲೇ, ಅಕ್ಕ. ಇವತ್ತ್ ಬೆಳಕಿಲ್ಲ ಅಂತ ಬಂದರಿನ ಪುಸ್ತಕದಲ್ಲೇ ಬರ್ದಿತ್ತ್," ಎಂದ ದೋಣಿ ನಡೆಸುವ ತಾಂಡೇಲ ಶೀನ. "ಐವತ್ತ್ ವರ್ಷದ ಹಿಂದೆ ಇದೇ ದಿನ, ದೀಪ ಹಚ್ಚೂ ನಿಮ್ಮಪ್ಪ ಜ್ವರದಲ್ಲಿ ತೀರಿಹೋದ ಸಂಜೆ."

"ನಾನ್ ಹಚ್ಚಿದ್ದೆ ಮಾರಾಯ. ನಂಗೆ ಬರಿಯೂಕೆ ಬರ್ತಿರ್ಲಿಲ್ಲ, ಅದ್ಕೆ ಪುಸ್ತಕದಲ್ಲಿಲ್ಲ."

"ಒಂಬತ್ತ್ ವರ್ಷದ ಹೆಣ್ಣ್ ಅಷ್ಟೆಲ್ಲ ಮೆಟ್ಲ್ ಹತ್ತಿದ್ದಾ? ಊರೇ ನಗಾಡ್ತಿತ್ತ್."

"ಕಾಣ್ತಾ ಇರು. ಬತ್ತಿ ಒದ್ದೆ ಆಗಿತ್ತು. ಎರಡ್ ಸಲ ಹತ್ತಿ ಆರಿತ್ತು, ಮೂರನೇದ್ ನಿಂತಿತ್ತು."

ಶೀನ ಲಂಗರು ಹಾಕಲು ಬಗ್ಗಿದ. ಅಷ್ಟರಲ್ಲಿ ಮಬ್ಬಿನಾಚೆ ಒಂದು ಕಿಡಿ ಕಂಡು ಆರಿತು. ಮತ್ತೊಮ್ಮೆ ಕಂಡು ಆರಿತು. ಅವನು ಹಗ್ಗ ಹಿಡಿದವನು ಹಾಗೆಯೇ ಉಳಿದ. ಮೂರನೆಯ ಸಲ ಬೆಳಕು ನಡುಗುತ್ತ ನಡುಗುತ್ತ ನೆಟ್ಟಗೆ ನಿಂತು, ಬಂಡೆಗಳ ನಡುವಿನ ದಾರಿಯನ್ನೆಲ್ಲ ತೋರಿಸಿತು.

ಶೀನ ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡ. ಇಂಜಿನ್ ಚಾಲು ಮಾಡಿದ.

ಮಗು ಸೂಲಗಿತ್ತಿಯ ಕೈಯಲ್ಲೇ ಹುಟ್ಟಿತು. ಮಾರನೆಯ ದಿನ ಬಂದರಿನವರು ಹಳೆಯ ಪುಸ್ತಕ ಹೊತ್ತು ಮನೆಗೇ ಬಂದರು. 'ದೀಪವಿಲ್ಲ' ಎಂಬ ಸಾಲನ್ನು ಅವರು ಹೊಡೆದುಹಾಕಿದರು; ಅದರ ಪಕ್ಕದಲ್ಲಿ ಭಾಗೀರಥಕ್ಕ ಹೆಬ್ಬೆಟ್ಟು ಒತ್ತಿದಳು.